ಪುಕ್ಕಲನ ಪರವಾಗಿ ಒಂದು ವಕಾಲತ್ತು

ಅಕ್ಕನ ಮಗನಿಗೆ ಎಂಟು ವರ್ಷ. ರಾತ್ರಿ ಹೊತ್ತು ಬಚ್ಚಲಿಗೆ ಒಬ್ಬನೇ ಹೋಗುವುದಿಲ್ಲ, ಮಂಚದ ಕೆಳಗೆ ಬಗ್ಗಿ ನೋಡದೆ ಮಲಗುವುದಿಲ್ಲ. ಕಥೆ ಮಾತ್ರ ದೆವ್ವದ್ದೇ ಆಗಬೇಕು. "ಚಿಕ್ಕೀ, ತುಂಬಾ ಹೆದರಿಕೆ ಆಗೋ ಥರ ಹೇಳು. ಆದ್ರೆ ಕೊನೇಲಿ ನಗು ಬರ್ಬೇಕು. ಮತ್ತೆ ಯಾರು ಮಾಡಿದ್ದು ಅಂತ ನಾನೇ ಕಂಡುಹಿಡೀತೀನಿ, ನೀನು ಹೇಳ್ಬಾರ್ದು." ಒಂದೇ ಉಸಿರಲ್ಲಿ ಮೂರು ಷರತ್ತು. ದೊಡ್ಡವರಿಗೆ ಬರೆಯುವವರು ಈ ಮೂರರಲ್ಲಿ ಒಂದನ್ನು ಹಿಡಿದುಕೊಂಡು ಜೀವಮಾನವಿಡೀ ಬರೆದು ಹೆಸರು ಮಾಡುತ್ತಾರೆ. ಇವನಿಗೆ ಮೂರೂ ಬೇಕು, ಅದೂ ನಿದ್ದೆ ಬರುವುದರೊಳಗೆ.

ಹೋದ ವಾರ ಒಂದು ಕಥೆ ಕಟ್ಟಿದೆ. ಬಾಗಿಲು ಹಾಕಿ ವರ್ಷಗಳಾದ ಒಂದು ನಾಟಕ ಮಂದಿರ. ಒಳಗೆ ಧೂಳು ಹಿಡಿದ ಹಾರ್ಮೋನಿಯಂ. ಕತ್ತಲಾದರೆ ಅದು ತಾನೇ ತಾನಾಗಿ ನುಡಿಯುತ್ತದೆ. ನಾಲ್ಕು ಜನ ಮಕ್ಕಳು ಪತ್ತೆ ಮಾಡಲು ಹೊರಡುತ್ತಾರೆ. ಮೂವರು ಧೈರ್ಯವಂತರು, ಒಬ್ಬ ಪುಕ್ಕಲ. ಪುಕ್ಕಲ ಸ್ವಲ್ಪ ದಪ್ಪಗೂ ಇದ್ದ. ಯಾಕೆ ಹಾಗೆ ಸೇರಿಸಿದೆನೋ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಸದ್ದು ಕೇಳಿದ ಕೂಡಲೇ ಅವನು ಓಡುತ್ತಾನೆ, ಪರದೆಗೆ ಸುತ್ತಿಕೊಂಡು ಬೀಳುತ್ತಾನೆ, ಆ ಪರದೆಯನ್ನೇ ದೆವ್ವ ಅಂದುಕೊಂಡು ಅದರ ಕಾಲಿಗೆ ಬೀಳುತ್ತಾನೆ. ಕೊನೆಗೆ ನೋಡಿದರೆ ಕೀಗಳ ಮೇಲೆ ಓಡಾಡುತ್ತಿದ್ದದ್ದು ಒಂದು ಇಲಿ. ಎಲ್ಲರೂ ಪುಕ್ಕಲನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಕಥೆ ಮುಗಿಯಿತು.

ಹುಡುಗ ನಗಲಿಲ್ಲ. ಸೂರು ನೋಡುತ್ತಾ ಸುಮ್ಮನೆ ಮಲಗಿದ್ದ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ: "ಸದ್ದು ಮೊದಲು ಕೇಳಿಸಿದ್ದು ಅವನಿಗೇ ಅಲ್ವಾ ಚಿಕ್ಕಿ?"

"ಹೌದು."

"ಸದ್ದು ಇದ್ದಿದ್ದೂ ನಿಜ ಅಲ್ವಾ?"

"ಹೌದಪ್ಪಾ."

"ಮತ್ತೆ ಅವನನ್ನ ನೋಡಿ ಯಾಕೆ ನಗ್ತಾರೆ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಅವತ್ತಿನಿಂದ ಇದು ತಲೆಯಲ್ಲೇ ಕೂತಿದೆ, ಅದಕ್ಕೇ ಈ ಉದ್ದದ ಬರಹ. ಪುರುಸೊತ್ತಿದ್ದವರು ಓದಿ.

ಮಕ್ಕಳ ದೆವ್ವದ ಕಥೆಯಲ್ಲಿ ಹೆದರಿಕೆ ಮತ್ತು ನಗು ಅಕ್ಕಪಕ್ಕದ ಮನೆಯವರು. ಇನ್ನೂ ಮಾತು ಬಾರದ ಕೂಸಿನ ಎದುರು ಮುಖಕ್ಕೆ ಬಟ್ಟೆ ಮುಚ್ಚಿ ತೆಗೆದು "ಬೂ" ಅನ್ನಿ. ಕಣ್ಣು ಒಂದು ಕ್ಷಣ ಅಗಲವಾಗುತ್ತದೆ, ಮರುಕ್ಷಣ ಕೇಕೆ. ಬಟ್ಟೆಯ ಹಿಂದೆ ಇದ್ದದ್ದು ಪರಿಚಯದ ಮುಖವೇ ಎಂದು ಗೊತ್ತಾದ ನಿರಾಳ ಅದು. ಇಡೀ ಪ್ರಕಾರ ನಿಂತಿರುವುದು ಇದರ ಮೇಲೆ. ದೊಡ್ಡ ಮಕ್ಕಳಿಗೆ ಬಟ್ಟೆ ತೆಗೆಯುವ ಕೆಲಸವನ್ನು ಅವರ ಕೈಗೇ ಕೊಡಬೇಕು, ಅಷ್ಟೇ ವ್ಯತ್ಯಾಸ. ಸುಳಿವು, ಪತ್ತೇದಾರಿಕೆ, ಕತ್ತಲಲ್ಲಿ ಟಾರ್ಚು ಎಲ್ಲವೂ ಅದಕ್ಕಾಗಿ. "ಬೆಟ್ಟ ಅಗೆದು ಇಲಿ ಹಿಡಿದರು" ಅಂತ ನಾವು ಹಂಗಿಸುತ್ತೇವಲ್ಲ, ಈ ಕಥೆಗಳಲ್ಲಿ ಅದೇ ಹಬ್ಬ. ಬೆಟ್ಟದಷ್ಟು ಹೆದರಬೇಕು, ಕೊನೆಗೆ ಇಲಿಯೇ ಸಿಗಬೇಕು.

ಇಲ್ಲೇ ನಾವು ಎಡವುವುದು. ನಗು ಯಾರ ತಲೆಯ ಮೇಲೆ ಬೀಳುತ್ತದೆ ಅನ್ನುವುದನ್ನು ನೋಡುವುದೇ ಇಲ್ಲ. ಸಿಕ್ಕಿದ್ದು ಇಲಿಯಾದರೆ ಹೆದರಿದವನು ದಡ್ಡ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಕೇಳುತ್ತಿರುವ ಮಗುವೂ ಅಷ್ಟು ಹೊತ್ತು ಹೊದಿಕೆಯೊಳಗೆ ನಡುಗುತ್ತಿತ್ತು, ಆ ತೀರ್ಪು ಅದಕ್ಕೂ ಅನ್ವಯಿಸುತ್ತದೆ.

ನನ್ನ ವಾದ ಇಷ್ಟು. ದೆವ್ವದ ಪತ್ತೇದಾರಿ ಕಥೆಯಲ್ಲಿ ಪುಕ್ಕಲನೇ ಅಸಲಿ ಪತ್ತೇದಾರ. ಧೈರ್ಯವಂತ ಶಿಳ್ಳೆ ಹೊಡೆಯುತ್ತಾ ನಡೆಯುತ್ತಾನೆ, ಶಿಳ್ಳೆಯ ಸದ್ದಿನಲ್ಲಿ ಅವನಿಗೆ ಬೇರೇನೂ ಕೇಳಿಸುವುದಿಲ್ಲ. ಹೆದರಿದವನ ಮೈಯೆಲ್ಲಾ ಕಿವಿ. ಮೆಟ್ಟಿಲು ಎಷ್ಟು, ಯಾವುದು ಕಿರ್ ಅಂತು, ನಿನ್ನೆ ಮುಚ್ಚಿದ್ದ ಬಾಗಿಲು ಇವತ್ತು ಯಾಕೆ ಓರೆಯಾಗಿದೆ ಎಲ್ಲವೂ ಅವನಿಗೆ ಗೊತ್ತಿರುತ್ತದೆ, ಯಾಕೆಂದರೆ ಓಡಿಹೋಗುವ ದಾರಿಯನ್ನು ಅವನು ಮೊದಲೇ ನೋಡಿಟ್ಟುಕೊಂಡಿರುತ್ತಾನೆ.

ಇದು ನನ್ನ ಕಲ್ಪನೆ ಮಾತ್ರ ಅನ್ನುವವರಿಗೆ ಒಂದು ನಿಜ ಪ್ರಸಂಗ. 1921ರಲ್ಲಿ ಅಮೆರಿಕದ ನೇತ್ರವೈದ್ಯಕೀಯ ಪತ್ರಿಕೆಯೊಂದರಲ್ಲಿ ವಿಲಿಯಂ ವಿಲ್ಮರ್ ಎಂಬ ಕಣ್ಣಿನ ವೈದ್ಯರು ಒಂದು ಕುಟುಂಬದ ಕಥೆ ಪ್ರಕಟಿಸಿದರು. ಹೊಸದಾಗಿ ಒಂದು ಹಳೇ ಮನೆಗೆ ಬಂದವರು. ರಾತ್ರಿ ಹೆಜ್ಜೆ ಸದ್ದು. ಯಾರೋ ಇದ್ದ ಹಾಗೆ ಕಾಣುವುದು. ತಲೆನೋವು, ಸುಸ್ತು. ಮನೆಯೊಳಗಿನ ಗಿಡಗಳೂ ಬಾಡತೊಡಗಿದವು. ಪಕ್ಕಾ ಭೂತಬಂಗಲೆ. ಕೊನೆಗೆ ಸಿಕ್ಕಿಬಿದ್ದದ್ದು ಮನೆ ಬಿಸಿ ಮಾಡುವ ಕುಲುಮೆ. ಅದು ಕೆಟ್ಟು, ಹೊರಗೆ ಹೋಗಬೇಕಾದ ಹೊಗೆಯೆಲ್ಲ ಒಳಗೇ ಸೇರುತ್ತಿತ್ತು. ಅದರಲ್ಲಿದ್ದ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂರುತ್ತದೆ, ಮಿದುಳು ಉಸಿರಿಲ್ಲದೆ ಇಲ್ಲದ್ದನ್ನೆಲ್ಲ ಕಾಣತೊಡಗುತ್ತದೆ.

ಇದನ್ನು ಓದಿದಾಗ ನನಗೆ ರೋಮಾಂಚನವಾದದ್ದು ಒಂದೇ ಕಾರಣಕ್ಕೆ. ಹೆದರಿದವರು ಹೇಳಿದ್ದು ಸರಿಯಾಗಿತ್ತು! "ಈ ಮನೆಯಲ್ಲಿ ಏನೋ ಇದೆ, ಅದು ನಮಗೆ ಕೇಡು ಮಾಡುತ್ತಿದೆ" ಎಂಬ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ವಿಳಾಸ ಮಾತ್ರ ತಪ್ಪಾಗಿತ್ತು. ಅವರನ್ನು ನೋಡಿ ನಕ್ಕು, "ದೆವ್ವಗಿವ್ವ ಏನಿಲ್ಲ, ಸುಮ್ನೆ ಮಲಗಿ" ಅಂದವರ ಮಾತು ಕೇಳಿ ಮಲಗಿದ್ದರೆ ಒಂದು ದಿನ ಏಳುತ್ತಲೇ ಇರಲಿಲ್ಲವೇನೋ.

ಇನ್ನೊಂದು ಸ್ವಲ್ಪ ತಮಾಷೆಯದು. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ವಿಕ್ ಟ್ಯಾಂಡಿ ಎಂಬ ಎಂಜಿನಿಯರ್ ಕೆಲಸ ಮಾಡುತ್ತಿದ್ದ ಪ್ರಯೋಗಾಲಯಕ್ಕೆ ದೆವ್ವದ ಹೆಸರಿತ್ತು. ಒಂದು ರಾತ್ರಿ ಒಬ್ಬರೇ ಇದ್ದಾಗ ಮೈ ತಣ್ಣಗಾಗಿ ಬೆವರಿತು, ಕುತ್ತಿಗೆಯ ಕೂದಲು ನಿಂತಿತು, ಕಣ್ಣಂಚಿನಲ್ಲಿ ಬೂದು ಬಣ್ಣದ ಆಕೃತಿ. ತಿರುಗಿದರೆ ಮಾಯ. ನೀವಾಗಿದ್ದರೆ ಏನು ಮಾಡುತ್ತಿದ್ದಿರೋ ಗೊತ್ತಿಲ್ಲ, ಅವರು ನೆಟ್ಟಗೆ ಮನೆಗೆ ಹೋದರು. ಮರುದಿನ ಕತ್ತಿವರಸೆ ಸ್ಪರ್ಧೆಗೆಂದು ತಮ್ಮ ಕತ್ತಿಯನ್ನು ರಿಪೇರಿ ಮಾಡಲು ಅದೇ ಕೋಣೆಯಲ್ಲಿ ಮೇಜಿನ ಬಿಗಿ ಇಕ್ಕಳಕ್ಕೆ ಸಿಕ್ಕಿಸಿಟ್ಟರೆ, ಯಾರೂ ಮುಟ್ಟದೆ ಅಲಗು ಗಡಗಡ ನಡುಗತೊಡಗಿತು! ಹುಡುಕಿದಾಗ ಸಿಕ್ಕಿದ್ದು ಹೊಸದಾಗಿ ಹಾಕಿದ್ದ ಗಾಳಿ ಹೊರಹಾಕುವ ಫ್ಯಾನು. ಅದರಿಂದ ಸೆಕೆಂಡಿಗೆ ಸುಮಾರು 19 ಕಂಪನದ ಸದ್ದು ಹೊರಡುತ್ತಿತ್ತು. ನಮ್ಮ ಕಿವಿಗೆ ಕೇಳಿಸುವುದು 20ರಿಂದ ಮೇಲೆ. ಕೇಳಿಸದ ಆ ಸದ್ದೇ ಮೈ ನಡುಗಿಸಿ ಕಣ್ಣಿಗೆ ಮಂಜು ಕವಿಸಿತು ಎಂಬುದು ಅವರ ವಾದ. 1998ರಲ್ಲಿ ಪ್ರಬಂಧವನ್ನೇ ಬರೆದರು. ಆ ವಾದವನ್ನು ಎಲ್ಲರೂ ಒಪ್ಪಿಲ್ಲ, ಇರಲಿ. ಕಥೆಯ ಕಣ್ಣಿನಿಂದ ನೋಡಿ: ದೆವ್ವ, ನಡುಗುವ ಕತ್ತಿ, ಸುಳಿವು, ಕೊನೆಗೆ ಸಿಕ್ಕಿಬಿದ್ದ ಅಪರಾಧಿ ಫ್ಯಾನು. ಹೆದರಿದವನೂ ಪತ್ತೇದಾರನೂ ಒಬ್ಬನೇ. ನನ್ನ ನಾಲ್ಕು ಮಕ್ಕಳ ಕಥೆಗಿಂತ ಎಷ್ಟೋ ಪಾಲು ಮೇಲು.

ಟಿವಿಯವರಿಗೆ ಈ ಗುಟ್ಟು ಎಂದೋ ಗೊತ್ತಿತ್ತು. 1969ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಶುರುವಾದ, ದೆವ್ವದ ಗುಟ್ಟು ಪತ್ತೆ ಮಾಡುವ ಹುಡುಗರ ತಂಡ ಮತ್ತು ಅವರ ನಾಯಿಯ 'ಸ್ಕೂಬಿ-ಡೂ' ಕಾರ್ಟೂನಿನಲ್ಲಿ ನಾಯಿಯನ್ನು ಗ್ರೇಟ್ ಡೇನ್ ಜಾತಿಯದ್ದಾಗಿ ಮಾಡಿದ್ದು ಸುಮ್ಮನೆ ಅಲ್ಲ. ಆಳೆತ್ತರದ ನಾಯಿ ತನ್ನ ಒಡೆಯನ ತೋಳಿಗೆ ಹಾರಿ ಕೂತು ನಡುಗುವುದರಲ್ಲೇ ಅರ್ಧ ನಗು ಇದೆ. ಆ ಪುಕ್ಕಲ ಜೋಡಿ ಓಡುತ್ತಾ ಓಡುತ್ತಾ ಎಡವಿ ಬೀಳುವುದು ನೇರ ಅಪರಾಧಿಯ ಮೇಲೆ. ಜಾಣರು ಹೂಡಿದ ಬಲೆ ಕೈಕೊಟ್ಟರೂ ಇವರ ಓಟ ಕೈಕೊಡುವುದಿಲ್ಲ. ಕೊನೆಗೆ ಮುಖವಾಡ ಕಳಚಿದಾಗ ನಗೆಪಾಟಲಾಗುವವನು ಜನರನ್ನು ಹೆದರಿಸಿ ಜಾಗ ಹೊಡೆಯಲು ಹೊರಟ ದೊಡ್ಡ ಮನುಷ್ಯ. ನಗು ಅಲ್ಲಿ ಸರಿಯಾದ ತಲೆಯ ಮೇಲೆ ಬಿತ್ತು.

ಹಾಗಂತ ದೊಡ್ಡವರು ಮಾತ್ರ ಹೆದರಿಸುತ್ತಾರೆ ಅಂತೇನಿಲ್ಲ. 1848ರಲ್ಲಿ ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್ ಎಂಬ ಹಳ್ಳಿಯಲ್ಲಿ ಫಾಕ್ಸ್ ಎಂಬ ಮನೆತನದ ಇಬ್ಬರು ಹುಡುಗಿಯರು ಸೇಬಿಗೆ ದಾರ ಕಟ್ಟಿ ನೆಲಕ್ಕೆ ಧಡ್ ಧಡ್ ಅಂತ ಬಡಿದು ಅಮ್ಮನನ್ನು ಹೆದರಿಸುತ್ತಿದ್ದರು. ಆಮೇಲೆ ಕಾಲ್ಬೆರಳಿನ ಗಂಟು ಲಟಕ್ ಅನ್ನಿಸುವ ವಿದ್ಯೆ ಕಲಿತರು. ಪ್ರೇತ ಉತ್ತರ ಕೊಡುತ್ತಿದೆ ಎಂದು ನೆರೆಹೊರೆ ನೆರೆಯಿತು, ಆಮೇಲೆ ಪಟ್ಟಣಗಳು ನೆರೆದವು, ಪ್ರೇತಗಳೊಡನೆ ಮಾತಾಡುವ ಒಂದು ಪಂಥವೇ ಹುಟ್ಟಿತು. ನಲವತ್ತು ವರ್ಷ ಕಳೆದ ಮೇಲೆ, 1888ರಲ್ಲಿ, ಅಕ್ಕತಂಗಿಯರಲ್ಲಿ ಒಬ್ಬಾಕೆ ಮಾರ್ಗರೆಟ್ ನ್ಯೂಯಾರ್ಕಿನ ರಂಗದ ಮೇಲೆ ನಿಂತು ಕಾಲ್ಬೆರಳು ಲಟಕಿಸಿ ತೋರಿಸಿ, ಎಲ್ಲವೂ ಆಟ ಎಂದು ಒಪ್ಪಿಕೊಂಡಳು. (ಮರುವರ್ಷ ಆ ಮಾತನ್ನೂ ವಾಪಸ್ ಪಡೆದಳು, ಅದು ಬೇರೆ.) ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಎಲ್ಲಿದೆ? ಗಡ್ಡ ಬಿಟ್ಟ ಪಂಡಿತರೆಲ್ಲ ಮೇಜಿನ ಸುತ್ತ ಗಂಭೀರವಾಗಿ ಕೂತಿದ್ದಾರೆ, ಮೇಜಿನ ಕೆಳಗೆ ಒಂದು ಹೆಬ್ಬೆರಳು. ನನ್ನ ಹುಡುಗ ಇದನ್ನು ಕೇಳಿ ಎರಡು ದಿನ ಕಾಲ್ಬೆರಳು ಲಟಕಿಸಲು ಹೆಣಗಿದ. ಅಕ್ಕ ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾಳೆ.

ಇನ್ನು ಕೊನೆಗಳ ವಿಷಯ. "ಎಚ್ಚರವಾಯಿತು, ಎಲ್ಲಾ ಕನಸು" ಎಂದು ಮುಗಿಸುವವರ ಮೇಲೆ ನನಗೆ ಕೆಟ್ಟ ಸಿಟ್ಟಿದೆ. ಅದು ಮಗುವಿನ ಕೈಯಲ್ಲಿದ್ದ ಸುಳಿವುಗಳನ್ನೆಲ್ಲ ಕಿತ್ತುಕೊಂಡು ಮೋರಿಗೆ ಎಸೆದಂತೆ. ಕೊನೆಯ ಪುಟದಲ್ಲಿ ಮೇಷ್ಟ್ರೊಬ್ಬರು ಬಂದು ಮೂಢನಂಬಿಕೆಯ ಮೇಲೆ ಭಾಷಣ ಮಾಡುವುದೂ ಅಷ್ಟೇ. ಮುಚ್ಚಳ ತೆರೆದು ಒಳಗಿರುವುದನ್ನು ತೋರಿಸಿದ ಮೇಲೆ ಭಾಷಣ ಯಾಕೆ? 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಲೇಖಕರು ಪತ್ತೇದಾರಿ ಕಥೆಗಳಿಗೆ ಹತ್ತು ಕಟ್ಟಳೆ ಬರೆದರು. ಅದರಲ್ಲೊಂದು, ಅಲೌಕಿಕ ಶಕ್ತಿಗಳಿಗೆ ಪ್ರವೇಶವಿಲ್ಲ. ಇನ್ನೊಂದು, ಗುಪ್ತದಾರಿ ಒಂದಕ್ಕಿಂತ ಹೆಚ್ಚು ಇರಕೂಡದು. ಮಜಾ ಏನೆಂದರೆ ಆತ ಕ್ಯಾಥೊಲಿಕ್ ಪಾದ್ರಿ. ಪಾದ್ರಿಯೇ ದೆವ್ವವನ್ನು ಬಾಗಿಲಲ್ಲೇ ತಡೆದಿದ್ದಾರೆ! ಮಕ್ಕಳ ಕಥೆಯಲ್ಲಿ ನಾನಾದರೆ ದೆವ್ವವನ್ನು ಒಳಗೆ ಬಿಟ್ಟು, ಹೊರಗೆ ಹೋಗುವಾಗ ಜೇಬು ತಪಾಸಣೆ ಮಾಡುತ್ತೇನೆ. ಗುಪ್ತದಾರಿಯ ಮಾತು ಮಾತ್ರ ಒಪ್ಪುವುದಿಲ್ಲ. ಎಂಟು ವರ್ಷದವರಿಗೆ ಮೂರಾದರೂ ಬೇಕು.

ದೆವ್ವದ ಹಿಂದಿನ ಉಪಾಯ ಮಗು ಮನೆಯಲ್ಲೇ ಮಾಡಿ ನೋಡುವಂತಿದ್ದರೆ ಇನ್ನೂ ಚೆಂದ. 1862ರಲ್ಲಿ ಲಂಡನ್ನಿನಲ್ಲಿ ಜಾನ್ ಪೆಪ್ಪರ್ ಎಂಬ ವಿಜ್ಞಾನ ಉಪನ್ಯಾಸಕರು ರಂಗದ ಮೇಲೆ ಪಾರದರ್ಶಕ ಪ್ರೇತವನ್ನು ನಡೆದಾಡಿಸಿ ಜನರನ್ನು ಬೆಚ್ಚಿಬೀಳಿಸಿದರು. ಇದ್ದದ್ದು ಓರೆಯಾಗಿ ನಿಲ್ಲಿಸಿದ ಒಂದು ದೊಡ್ಡ ಗಾಜು, ಮರೆಯಲ್ಲಿ ಬೆಳಕು ಬಿದ್ದ ಒಬ್ಬ ನಟ. ರಾತ್ರಿ ದೀಪ ಹಾಕಿ ಕಿಟಕಿ ಗಾಜಿನ ಮುಂದೆ ನಿಂತರೆ ಹೊರಗಿನ ಕತ್ತಲಲ್ಲಿ ನಮ್ಮದೇ ಪ್ರೇತ ತೇಲುತ್ತದಲ್ಲ, ಅದೇ. ಪ್ರಾಣಿಗಳೂ ಒಳ್ಳೆಯ ಅಪರಾಧಿಗಳು. ಕಣಜ ಗೂಬೆಯ ಮುಖ ಬೆಳ್ಳಗೆ, ಕೂಗು ಹೆಂಗಸೊಬ್ಬಳು ಕಿರುಚಿದಂತೆ, ರೆಕ್ಕೆಯಂಚಿನ ಗರಿಗಳು ಬಾಚಣಿಗೆಯ ಹಾಗೆ ಗಾಳಿ ಸೀಳುವುದರಿಂದ ಹಾರಿದ ಸದ್ದೇ ಇಲ್ಲ. ಕಥೆಯಿಡೀ ತೋಟದ ಮಾಲಿಯ ಮೇಲೆ ಗೂಬೆ ಕೂರಿಸಿ, ಕೊನೆಗೆ ಅಟ್ಟದಿಂದ ನಿಜವಾದ ಗೂಬೆಯನ್ನೇ ಇಳಿಸಬಹುದು. ಈ ಶ್ಲೇಷೆ ನನ್ನದು, ಯಾರಾದರೂ ಬಳಸಿಕೊಳ್ಳುವುದಾದರೆ ಅಭ್ಯಂತರವಿಲ್ಲ.

ಇಷ್ಟೆಲ್ಲ ಯೋಚಿಸಿ ನಿನ್ನೆ ರಾತ್ರಿ ಹಾರ್ಮೋನಿಯಂ ಕಥೆಯನ್ನು ಮತ್ತೆ ಹೇಳಿದೆ. ಪುಕ್ಕಲ ಈಗ ದಪ್ಪ ಅಲ್ಲ, ಸಣ್ಣ ಅಲ್ಲ, ಬರೀ ಪುಕ್ಕಲ. ಮೂವರು ಧೈರ್ಯವಂತರು ಜೋರಾಗಿ ಮಾತಾಡುತ್ತಾ ಹೋಗಿ ಏನೂ ಕೇಳಿಸಿಕೊಳ್ಳದೆ ವಾಪಸ್ಸಾದರು. ಇವನು ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದಕ್ಕೇ ಕತ್ತಲಲ್ಲಿ ಪೆಟ್ಟಿಗೆ ಮೆಲ್ಲಗೆ ಉಸಿರಾಡುವುದು ಕೇಳಿಸಿತು. ಹುಸ್ಸ್... ಹುಸ್ಸ್... ಆಮೇಲೆ ಸ್ವರ. (ಈ ಉಸಿರಾಟವನ್ನು ಮೈ ಜುಮ್ಮೆನ್ನಲಿ ಅಂತ ಹೊಸದಾಗಿ ಸೇರಿಸಿದೆ. ಚೆನ್ನಾಗಿಯೇ ಕೆಲಸ ಮಾಡಿತು, ಹುಡುಗ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡ.) ನಡುಗುವ ಕೈಯಿಂದಲೇ ಟಾರ್ಚು ಬಿಟ್ಟ. ಕೀಗಳ ಮೇಲೆ ಇಲಿ! ಇಲಿಯೂ ಇವನನ್ನು ನೋಡಿ ಹೆದರಿ ಓಡಿತು, ಇಬ್ಬರೂ ಒಂದೇ ಬಾಗಿಲಿಗೆ ನುಗ್ಗಿದರು. ಹೊರಗಿದ್ದ ಮೂವರು ಧೈರ್ಯವಂತರು ಇವರಿಬ್ಬರು ಬರುವ ರಭಸ ನೋಡಿ ದೆವ್ವವೇ ಬಂತೆಂದು ಮರ ಹತ್ತಿದರು. ಬೆಳಗಾಗುವವರೆಗೂ ಇಳಿಯಲಿಲ್ಲ.

ಹುಡುಗ ಬಿದ್ದು ಬಿದ್ದು ನಕ್ಕ. ಗೆದ್ದೆ ಅಂದುಕೊಂಡೆ. ದೀಪ ಆರಿಸಿ, ಹೊದಿಕೆ ಸರಿಮಾಡಿ, ಬಾಗಿಲ ಹತ್ತಿರ ಹೋಗಿದ್ದೆ.

"ಚಿಕ್ಕೀ."

"ಏನೋ?"

"ಹಾರ್ಮೋನಿಯಂದು ಬರೀ ಕೀ ಒತ್ತಿದ್ರೆ ಸದ್ದು ಬರಲ್ಲ ಅಲ್ವಾ? ಹಿಂದೆ ತಿದಿ ಒತ್ತಬೇಕಲ್ವಾ, ಹುಸ್ಸ್ ಅಂತ?"

"...ಹೌದು."

"ಇಲಿ ಕೀ ಮೇಲಿತ್ತು. ತಿದಿ ಒತ್ತುತಾ ಇದ್ದಿದ್ದು ಯಾರು?"

ಕೇಳಿ, ಆ ಕಡೆ ತಿರುಗಿ, ಎರಡೇ ನಿಮಿಷದಲ್ಲಿ ನಿದ್ದೆ ಹೋದ. ಮಂಚದ ಕೆಳಗೆ ಬಗ್ಗಿ ನೋಡುವುದನ್ನೂ ಮರೆತಿದ್ದ. ಕೊನೆಗೆ ನೋಡಿದ್ದು ನಾನು. ಈಗ ಗಂಟೆ ಎರಡೂವರೆ, ದೀಪ ಹಾಕಿಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ.