ಡಿಕ್ಕಿಯಲ್ಲಿ ವೂಫರ್ ಯಾವ ಕಡೆ ಮುಖ ಮಾಡಿದೆ?

ಕಾರಿಗೆ ಸಬ್‌ವೂಫರ್ (ಬೇಸ್, ಅಂದರೆ ತೀರಾ ಕೆಳಗಿನ ಸ್ವರಗಳನ್ನು ನುಡಿಸುವ ದೊಡ್ಡ ಸ್ಪೀಕರ್) ಹಾಕಿಸಬೇಕು ಅನ್ನುವವರೆಲ್ಲ ಮೊದಲು ವಿಚಾರಿಸುವುದು ವ್ಯಾಟ್. ಆಮೇಲೆ ಇಂಚು, ಆಮೇಲೆ ಬ್ರ್ಯಾಂಡ್. ಡಿಕ್ಕಿಯಲ್ಲಿ ವೂಫರ್ ಬಾಕ್ಸ್ ಎಲ್ಲಿಡಬೇಕು, ಯಾವ ಕಡೆ ಮುಖ ಮಾಡಿಸಬೇಕು ಅಂತ ಕೇಳುವವರು ತೀರಾ ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಅದನ್ನೇ. ಜಾಗ ಸರಿ ಇಲ್ಲದಿದ್ದರೆ ಎಷ್ಟು ದುಡ್ಡು ಸುರಿದರೂ ಒಳ್ಳೆಯ ಬೇಸ್ ಮುಂದಿನ ಸೀಟಿನವರೆಗೆ ಬರುವುದಿಲ್ಲ.

ವ್ಯಾಟ್ ಲೆಕ್ಕ ನೋಡಿ. ಆಂಪ್ಲಿಫೈಯರ್ (ಆಂಪ್) ಶಕ್ತಿಯನ್ನು ದುಪ್ಪಟ್ಟು ಮಾಡಿದರೆ ಸಿಗುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು. ಅಂದರೆ ಹತ್ತು ಪಟ್ಟು ವ್ಯಾಟ್. ಅದೂ ನಿಜವಾದ ವ್ಯಾಟ್, ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ‘ಪೀಕ್’ (ಒಂದು ಕ್ಷಣದ ಗರಿಷ್ಠ ಶಕ್ತಿ) ಅಲ್ಲ. ಒಳಗಿನ ಚೀಟಿಯಲ್ಲಿ ಆರ್‌ಎಂಎಸ್ ಅಂತ ಸಣ್ಣಕ್ಷರದಲ್ಲಿ ಇರುತ್ತದಲ್ಲ, ಸತತವಾಗಿ ಕೊಡಬಲ್ಲ ಶಕ್ತಿ, ಅದನ್ನೇ ಓದಬೇಕು. ಬಾಕ್ಸ್ ತಪ್ಪು ಜಾಗದಲ್ಲಿದ್ದರೆ ಕೆಲವು ಸ್ವರಗಳು 10 ಡೆಸಿಬೆಲ್‌ಗಿಂತಲೂ ಜಾಸ್ತಿ ಕುಸಿಯಬಹುದು. ಅದೇ ಬಾಕ್ಸನ್ನು ಎರಡು ಅಡಿ ಸರಿಸಿದರೆ ಅವು ವಾಪಸ್ ಬರಬಹುದು. ಸರಿಸುವುದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಇದು ಯಾಕೆ ಹೀಗೆ? ಬೇಸ್ ಅಲೆಗಳು ತುಂಬಾ ಉದ್ದ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 40 ಹರ್ಟ್ಜ್ (ಸೆಕೆಂಡಿಗೆ 40 ಕಂಪನ) ಸ್ವರದ ಒಂದು ಅಲೆ ಎಂಟೂವರೆ ಮೀಟರ್. 80 ಹರ್ಟ್ಜ್‌ನದು ನಾಲ್ಕು ಮೀಟರಿಗೂ ಸ್ವಲ್ಪ ಹೆಚ್ಚು. ಪೂರ್ತಿ ಕಾರೇ ನಾಲ್ಕು ಮೀಟರ್ ಇರುತ್ತದೆ. ಹಾಗಾಗಿ ಬೇಸ್ ಅನ್ನುವುದು ಟಾರ್ಚ್ ಬೆಳಕಿನಂತೆ ಒಂದೇ ದಿಕ್ಕಿಗೆ ಹೋಗುವುದಿಲ್ಲ, ವೂಫರ್‌ನಿಂದ ಹೊರಟು ಎಲ್ಲ ಕಡೆಗೂ ಹರಡುತ್ತದೆ. ಒಂದಷ್ಟು ನೇರವಾಗಿ ನಿಮ್ಮ ಕಡೆ ಬರುತ್ತದೆ. ಇನ್ನೊಂದಷ್ಟು ಹಿಂದಿನ ಬಾಗಿಲಿಗೆ, ಅಂದರೆ ಡಿಕ್ಕಿ ಬಾಗಿಲಿಗೆ, ಬಡಿದು ತಿರುಗಿ ಬರುತ್ತದೆ. ತಿರುಗಿ ಬಂದ ಅಲೆ ಅರ್ಧ ಅಲೆಯಷ್ಟು ತಡವಾಗಿ ಬಂದರೆ, ನೇರ ಅಲೆ ಗಾಳಿಯನ್ನು ಮುಂದಕ್ಕೆ ತಳ್ಳುವ ಹೊತ್ತಿಗೆ ಅದು ಹಿಂದಕ್ಕೆ ಎಳೆಯುತ್ತದೆ. ಎರಡೂ ಸೇರಿ ಒಂದನ್ನೊಂದು ತಿಂದು ಹಾಕುತ್ತವೆ.

ವೂಫರ್‌ಗೂ ಹಿಂದಿನ ಬಾಗಿಲಿಗೂ 90 ಸೆಂಟಿಮೀಟರ್ ಅಂತರ ಅಂದುಕೊಳ್ಳಿ. ಹೋಗಿ ಬರುವ ದಾರಿ 1.8 ಮೀಟರ್. 95 ಹರ್ಟ್ಜ್ ಹತ್ತಿರದ ಸ್ವರಕ್ಕೆ ಅದು ಸರಿಯಾಗಿ ಅರ್ಧ ಅಲೆ. ಬೇಸ್ ಗಿಟಾರ್‌ನ ಎಷ್ಟೋ ಸ್ವರಗಳು ಇದರ ಆಸುಪಾಸಿನಲ್ಲೇ ಇವೆ. ಕಾರಿನ ಒಳಗೆ ಒಂದೇ ಗೋಡೆ ಇರುವುದಿಲ್ಲ, ಆದ್ದರಿಂದ ಕುಸಿತ ಕರಾರುವಾಕ್ಕಾಗಿ ಇದೇ ಅಂಕಿಯಲ್ಲಿ ಬೀಳದೇ ಇರಬಹುದು. ಆದರೆ ಬಾಕ್ಸನ್ನು ಹಿಂದಕ್ಕೆ ತಳ್ಳಿ ಅಂತರವನ್ನು 20 ಸೆಂಟಿಮೀಟರ್ ಮಾಡಿದರೆ ಆ ಕುಸಿತ 400 ಹರ್ಟ್ಜ್ ದಾಟಿ ಹೋಗುತ್ತದೆ. ಅಲ್ಲಿ ವೂಫರ್‌ಗೆ ಕೆಲಸವೇ ಇಲ್ಲ. ಹಿಂದಿನ ಬಾಗಿಲಿನ ಹತ್ತಿರ, ಹಿಂದಕ್ಕೆ ಮುಖ ಮಾಡಿ ಇಟ್ಟ ಬಾಕ್ಸ್ ಎಷ್ಟೋ ಕಾರುಗಳಲ್ಲಿ ಚೆನ್ನಾಗಿ ಕೇಳುವುದು ಇದೇ ಕಾರಣಕ್ಕೆ. ಅಲೆ ಬಡಿದು ವಾಪಸ್ ಬಂದರೂ ತಡವಾಗುವುದಿಲ್ಲ. ಎರಡೂ ಒಟ್ಟಿಗೇ ಮುಂದಕ್ಕೆ ಹೋಗುತ್ತವೆ.

ಇನ್ನೊಂದು ಮಾತು. ಹೀಗೆ ಅಳಿಸಿಹೋದ ಸ್ವರವನ್ನು ಈಕ್ವಲೈಜರ್‌ನಿಂದ (ಬೇರೆ ಬೇರೆ ಸ್ವರಗಳನ್ನು ಹೆಚ್ಚು ಕಡಿಮೆ ಮಾಡುವ ಸೌಲಭ್ಯ) ಎತ್ತಲು ಆಗುವುದಿಲ್ಲ. ನೇರ ಅಲೆಯನ್ನು ಹೆಚ್ಚಿಸಿದರೆ ತಿರುಗಿ ಬರುವ ಅಲೆಯೂ ಅಷ್ಟೇ ಹೆಚ್ಚುತ್ತದೆ. ಅದು ಮತ್ತೆ ತಿಂದು ಹಾಕುತ್ತದೆ. ಆಂಪ್ ಬಿಸಿಯಾಗುತ್ತದೆ, ಅಷ್ಟೇ.

ನನ್ನ ತಮ್ಮನದು ಸೆಡಾನ್. ಒಂದು ಅಂಗಡಿಯಲ್ಲಿ ಹನ್ನೆರಡು ಇಂಚಿನ ಬಾಕ್ಸ್ ಹಾಕಿಸಿದ. ಡಿಕ್ಕಿ ತೆರೆದೇ ಹಾಡು ಹಾಕಿ ತೋರಿಸಿದರಂತೆ. ಮನೆಗೆ ಬಂದವನೇ, "ಅಣ್ಣಾ, ಅಲ್ಲಿ ನಿಂತಾಗ ಎದೆ ನಡುಗ್ತಿತ್ತು. ಈಗ ಸ್ಟೇರಿಂಗ್ ಹಿಂದೆ ಕೂತ್ರೆ ಏನೂ ಇಲ್ಲ. ಇನ್ನೂ ದೊಡ್ಡ ಆಂಪ್ ಹಾಕಿಸ್ಬೇಕಾ?" ಅಂದ. ಡಿಕ್ಕಿ ತೆಗೆದು ನೋಡಿದೆ. ಬಾಕ್ಸನ್ನು ಹಿಂದಿನ ಸೀಟಿಗೆ ಒತ್ತಿ, ಸೀಟಿನ ಕಡೆಗೇ ಮುಖ ಮಾಡಿ ಬೋಲ್ಟ್ ಹಾಕಿದ್ದರು. ವೂಫರ್ ಮುಂದೆ ಸೀಟಿನ ಫೋಮು, ಅದರ ಹಿಂದೆ ತಗಡು. ಒಳಗೆ ಹೋಗಲು ಸರಿಯಾದ ದಾರಿ ಇಲ್ಲ. ಪಕ್ಕದಿಂದ ಹೊರಬಿದ್ದ ಶಬ್ದ ಇಡೀ ಡಿಕ್ಕಿ ಸುತ್ತಿ ತಡವಾಗಿ ವಾಪಸ್ ಬರುತ್ತಿತ್ತು. ಇಬ್ಬರೂ ಸೇರಿ ಬೋಲ್ಟ್ ಬಿಚ್ಚಿದೆವು. ಬಾಕ್ಸ್ ತಿರುಗಿಸಿ, ಹಿಂದಕ್ಕೆ ತಳ್ಳಿ, ಒಂದು ಗೇಣು ಜಾಗ ಬಿಟ್ಟೆವು. ಡಿಕ್ಕಿ ಮುಚ್ಚಿ ಅದೇ ಹಾಡು ಹಾಕಿದಾಗ ಅವನು ಕೈ ಹಾಕಿ ವಾಲ್ಯೂಮ್ ಕಡಿಮೆ ಮಾಡಿದ. ಆಂಪ್ ಬದಲಾಯಿಸುವ ಮಾತು ಅಲ್ಲಿಗೆ ಮುಗಿಯಿತು.

ನನಗೆ ಸಿಟ್ಟು ಬರುವುದು ಆ ಡೆಮೊ ಬಗ್ಗೆ. ಡಿಕ್ಕಿ ತೆರೆದು, ಗಿರಾಕಿಯನ್ನು ಹಿಂದೆ ನಿಲ್ಲಿಸಿ ಬೇಸ್ ಕೇಳಿಸುವುದು ಸರಿಯಾದ ಪರೀಕ್ಷೆ ಅಲ್ಲವೇ ಅಲ್ಲ. ನಾವು ಕಾರು ಓಡಿಸುವುದು ಡಿಕ್ಕಿ ಮುಚ್ಚಿ, ಮುಂದಿನ ಸೀಟಲ್ಲಿ ಕೂತು. ಕೇಳಬೇಕಾದ್ದೂ ಹಾಗೇ. ಬೆಂಗಳೂರಿನ ಜೆ.ಸಿ. ರೋಡಿಗೇ ಹೋಗಿ, ನಿಮ್ಮೂರಿನ ಅಂಗಡಿಗೇ ಹೋಗಿ, ದುಡ್ಡು ಕೊಡುವ ಮುಂಚೆ ಬಾಗಿಲು, ಕಿಟಕಿ, ಡಿಕ್ಕಿ ಎಲ್ಲ ಮುಚ್ಚಿಸಿ ಡ್ರೈವರ್ ಸೀಟಲ್ಲಿ ಕೂತುಕೊಳ್ಳಿ. ಇದನ್ನು ಕೇಳುವ ಹಕ್ಕು ನಿಮಗಿದೆ. ಸಂಕೋಚ ಬೇಡ.

ಮುಚ್ಚಿದ ಕಾರು ಬೇಸ್‌ಗೆ ದೊಡ್ಡ ಸಹಾಯ ಮಾಡುತ್ತದೆ. ಇದಕ್ಕೆ ಕ್ಯಾಬಿನ್ ಗೇನ್ ಅನ್ನುತ್ತಾರೆ. ಒಳಗಿನ ಉದ್ದ 2.7 ಮೀಟರ್ ಇದ್ದರೆ, ಸುಮಾರು 63 ಹರ್ಟ್ಜ್‌ಗಿಂತ ಕೆಳಗೆ ಅರ್ಧ ಅಲೆಯೂ ಒಳಗೆ ಹಿಡಿಯುವುದಿಲ್ಲ. ಅಲ್ಲಿಂದ ಕೆಳಗೆ ವೂಫರ್ ಇಡೀ ಕಾರಿನ ಗಾಳಿಯನ್ನು ಒಟ್ಟಿಗೆ ಒತ್ತುತ್ತದೆ, ಬಿಡುತ್ತದೆ. ಸ್ವರ ಕೆಳಗಿಳಿದಷ್ಟೂ ಕಾರು ಅದನ್ನು ಮೇಲೆತ್ತುತ್ತದೆ. ಲೆಕ್ಕದ ಪ್ರಕಾರ ಆವರ್ತನ ಅರ್ಧವಾದಾಗಲೆಲ್ಲ 12 ಡೆಸಿಬೆಲ್ ಸಿಗಬೇಕು. ತಗಡು ಅಲುಗುತ್ತದೆ, ಸಂದುಗಳಿಂದ ಗಾಳಿ ಸೋರುತ್ತದೆ, ಹಾಗಾಗಿ ನಿಜದಲ್ಲಿ ಅಷ್ಟು ಸಿಗುವುದಿಲ್ಲ. ಸಿಕ್ಕಿದ್ದೇ ಸಾಕಷ್ಟಾಗುತ್ತದೆ. ಕಿಟಕಿ ಇಳಿಸಿದ ಕೂಡಲೇ ತೀರಾ ಕೆಳಗಿನ ಸ್ವರಗಳು ಮಾಯವಾಗುವುದನ್ನು ನೀವೂ ಗಮನಿಸಿರುತ್ತೀರಿ, ಅಲ್ವಾ?

ಅದಕ್ಕೇ ನಾನು ಸೀಲ್ಡ್ ಬಾಕ್ಸ್, ಅಂದರೆ ಪೂರ್ತಿ ಮುಚ್ಚಿದ ಪೆಟ್ಟಿಗೆಯ ಪಕ್ಷ. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಎಆರ್-1 ಅನ್ನುವ ಸ್ಪೀಕರ್ ತಂದಾಗ, ಗಾಳಿಯಾಡದ ಸಣ್ಣ ಪೆಟ್ಟಿಗೆಯಿಂದಲೂ ಆಳವಾದ ಬೇಸ್ ಬರುತ್ತದೆ ಅಂತ ತೋರಿಸಿಕೊಟ್ಟರು. ಸೀಲ್ಡ್ ಬಾಕ್ಸ್‌ನಲ್ಲಿ ಕೆಳಗಿನ ಬೇಸ್ ಆವರ್ತನ ಅರ್ಧವಾದಾಗಲೆಲ್ಲ 12 ಡೆಸಿಬೆಲ್ ಇಳಿಯುತ್ತದೆ. ಕಾರು ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಏರಿಸುತ್ತದೆ. ಮನೆಯ ಹಾಲ್‌ನಲ್ಲಿ 30 ಹರ್ಟ್ಜ್‌ಗೆ ತಿಣುಕುವ ಹತ್ತು ಇಂಚಿನ ವೂಫರ್ ಕಾರಿನಲ್ಲಿ ಅದನ್ನು ಸಲೀಸಾಗಿ ಕೊಡುವುದು ಹೀಗೆ. ಪೋರ್ಟ್ (ಗಾಳಿ ಹೋಗಿಬರುವ ತೂತು) ಇರುವ ಬಾಕ್ಸ್ ಜಾಸ್ತಿ ಜೋರು, ನಿಜ. ಆದರೆ ದೊಡ್ಡ ಪೆಟ್ಟಿಗೆ ಬೇಕು. ಟ್ಯೂನ್ ಮಾಡಿದ ಸ್ವರಕ್ಕಿಂತ ಕೆಳಗೆ ವೂಫರ್‌ನ ಅಲುಗುವ ಕೋನ್‌ಗೆ ಹಿಡಿತ ತಪ್ಪುತ್ತದೆ. ಅಂಗಡಿಗಳಲ್ಲಿ ಅಳತೆಯಿಲ್ಲದೆ ಕೂಡಿಸಿದ ಪೋರ್ಟ್ ಬಾಕ್ಸ್‌ಗಳು ಒಂದೇ ಸ್ವರವನ್ನು ಗುಂಯ್‌ಗುಟ್ಟಿಸುತ್ತವೆ. ಡೊಳ್ಳು ಬಾರಿಸಿದರೂ ಅದೇ, ತಬಲಾ ಬಾರಿಸಿದರೂ ಅದೇ. ಡೊಳ್ಳಿನ ಪೆಟ್ಟು ಬಿದ್ದಾಗ ಗಟ್ಟಿಯಾಗಿ ಬೀಳಬೇಕು, ನಿಂತಾಗ ನಿಲ್ಲಬೇಕು. ಎಡಗೈ ತಬಲಾದ ಮೀಂಡ್ ಏರಿಳಿಯುವುದು ಕಿವಿಗೆ ತಿಳಿಯಬೇಕು. ಬೇಸ್ ಅಂದರೆ ನನಗೆ ಅದು.

ಹ್ಯಾಚ್‌ಬ್ಯಾಕ್‌ನವರಿಗೆ ಕೆಲಸ ಸುಲಭ. ಡಿಕ್ಕಿ ಮತ್ತು ಕ್ಯಾಬಿನ್ ಒಂದೇ ಕೋಣೆ. ಪಾರ್ಸೆಲ್ ಟ್ರೇ ಅದುರುವುದೊಂದೇ ಕಾಟ. ಸೆಡಾನ್‌ನಲ್ಲಿ ಮಧ್ಯೆ ಸೀಟು ಮತ್ತು ಹಿಂದಿನ ಗಾಜಿನ ಕೆಳಗಿನ ಹಲಗೆ ಅಡ್ಡ ಬರುತ್ತವೆ. ಹಿಂದಿನ ಸೀಟು ಮಡಚುವ ಹಾಗಿದ್ದರೆ ಒಮ್ಮೆ ಮಡಚಿ ಕೇಳಿ. ವ್ಯತ್ಯಾಸ ಜಾಸ್ತಿ ಕಂಡರೆ ಶಬ್ದಕ್ಕೆ ದಾರಿ ಸಾಲುತ್ತಿಲ್ಲ ಅಂತ ಅರ್ಥ. ಮುಂದಕ್ಕೇ ಮುಖ ಮಾಡಿ ಇಡಬೇಕು ಅಂತಿದ್ದರೆ ಅದನ್ನೂ ಮಾಡಬಹುದು. ಆದರೆ ಬಾಕ್ಸಿನ ಸುತ್ತ ಹಲಗೆ, ಫೋಮ್ ಕೊಟ್ಟು ಡಿಕ್ಕಿಗೆ ಶಬ್ದ ಸೋರದಂತೆ ಮುಚ್ಚಬೇಕು. ಅರ್ಧಂಬರ್ಧ ಮುಚ್ಚಿದರೆ ಪ್ರಯೋಜನವಿಲ್ಲ.

ಸಿಎನ್‌ಜಿ ಕಾರಿನವರ ಕಷ್ಟ ಬೇರೆ. ಡಿಕ್ಕಿ ತುಂಬಾ ಸಿಲಿಂಡರ್. ಟಾಟಾದವರು 2023ರಲ್ಲಿ ಆಲ್ಟ್ರೋಜ್‌ಗೆ ಎರಡು ಸಣ್ಣ ಸಿಲಿಂಡರ್‌ಗಳನ್ನು ಡಿಕ್ಕಿಯ ನೆಲದ ಕೆಳಗೆ ಇಟ್ಟ ಮೇಲೆ ಸ್ವಲ್ಪ ಜಾಗ ಸಿಗತೊಡಗಿತು. ಹಳೆಯ ಥರದ್ದಾದರೆ ಸೀಟಿನ ಕೆಳಗೆ ಕೂರುವ ತೆಳು ವೂಫರ್ ಒಳ್ಳೆಯದು. ತೀರಾ ಆಳಕ್ಕೆ ಇಳಿಯದಿದ್ದರೂ ಹತ್ತಿರದಲ್ಲೇ ಇರುವುದರಿಂದ ಕೇಳುವುದಕ್ಕೆ ಬಿಗಿಯಾಗಿರುತ್ತದೆ. ಸಿಲಿಂಡರ್ ಪೈಪಿನ ಹತ್ತಿರ ಮಾತ್ರ ಯಾರೂ ಸ್ಕ್ರೂ ಹಾಕದಂತೆ ನಿಂತು ನೋಡಿಕೊಳ್ಳಿ.

ಜಾಗ ಹುಡುಕಲು ಅರ್ಧ ದಿನ ಇಟ್ಟುಕೊಳ್ಳಿ. ವೈರ್ ಸ್ವಲ್ಪ ಉದ್ದ ಬಿಟ್ಟು ಬಾಕ್ಸನ್ನು ಸುಮ್ನೆ ಇಡಿ. 20ರಿಂದ 120 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಟೋನ್ ಹಾಕಿ. ಡ್ರೈವರ್ ಸೀಟಲ್ಲಿ, ತಲೆ ಇರುವ ಎತ್ತರದಲ್ಲಿ ಫೋನ್ ಹಿಡಿದು ಶಬ್ದ ಅಳೆಯುವ ಆ್ಯಪ್ ನೋಡಿ. ಫೋನ್ ಮೈಕ್ ಕೆಳಗಿನ ಸ್ವರಗಳನ್ನು ಕಡಿಮೆ ತೋರಿಸುತ್ತದೆ. ತೊಂದರೆಯಿಲ್ಲ, ಒಂದು ಜಾಗಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಸಾಕು. ಹಿಂದಕ್ಕೆ, ಪಕ್ಕಕ್ಕೆ, ಮೇಲಕ್ಕೆ ಮುಖ ಮಾಡಿಸಿ ನೋಡಿ. ಮುಂದಿನ ಸೀಟಿಗೆ ಚೆನ್ನಾಗಿದ್ದದ್ದು ಹಿಂದಿನ ಸೀಟಿಗೆ ಚೆನ್ನಾಗಿರಲೇಬೇಕು ಅಂತಿಲ್ಲ. ನೀವು ಕೂರುವ ಜಾಗಕ್ಕೆ ಹೊಂದಿಸಿ.

ಆಮೇಲೆ ಫೇಸ್ (phase) ಸ್ವಿಚ್, ಅಂದರೆ ವೂಫರ್ ಗಾಳಿಯನ್ನು ತಳ್ಳುವುದು, ಎಳೆಯುವುದನ್ನು ಅದಲುಬದಲು ಮಾಡುವ ಸ್ವಿಚ್. ಆಂಪ್ ಮೇಲೆ 0, 180 ಅಂತ ಇರುತ್ತದೆ. ಬಾಗಿಲಿನ ಸ್ಪೀಕರ್ ನಿಮ್ಮಿಂದ ಒಂದು ಮೀಟರ್, ವೂಫರ್ ಎರಡೂವರೆ ಮೀಟರ್ ದೂರ ಇದ್ದರೆ, ವೂಫರ್ ಶಬ್ದ ಸುಮಾರು 4.4 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. 80 ಹರ್ಟ್ಜ್‌ನ ಒಂದು ಅಲೆ 12.5 ಮಿಲಿಸೆಕೆಂಡ್. ಅಂದರೆ ಎರಡೂ ಸ್ಪೀಕರ್ ಸೇರುವ ಸ್ವರದಲ್ಲೇ ಜಗಳ. ಸ್ವಿಚ್ ಎರಡೂ ಕಡೆ ಹಾಕಿ, ಬೇಸ್ ತುಂಬಿಕೊಂಡು ಬಂದ ಕಡೆ ಬಿಡಿ. ಡೆಕ್‌ನಲ್ಲಿ (ಡ್ಯಾಶ್‌ಬೋರ್ಡ್‌ನ ಮ್ಯೂಸಿಕ್ ಪ್ಲೇಯರ್) ಟೈಮ್ ಅಲೈನ್‌ಮೆಂಟ್ ಇದ್ದರೆ ಬಾಗಿಲಿನ ಸ್ಪೀಕರ್‌ಗಳನ್ನು ಅಷ್ಟೇ ತಡ ಮಾಡಿ. ಸರಿ ಹೊಂದಿದಾಗ ಬೇಸ್ ಹಿಂದಿನಿಂದ ಬರುತ್ತಿದೆ ಅನ್ನಿಸುವುದೇ ಇಲ್ಲ, ಡ್ಯಾಶ್‌ಬೋರ್ಡ್ ಮೇಲೆ ಹಾಡುಗಾರರ ಪಕ್ಕದಲ್ಲೇ ಡ್ರಮ್ ಇದ್ದಂತೆ ಕೇಳುತ್ತದೆ. ನನಗೆ ಈ ಹವ್ಯಾಸದಲ್ಲಿ ಅದಕ್ಕಿಂತ ಖುಷಿ ಬೇರೊಂದಿಲ್ಲ.

ಆ ಖುಷಿ ಕೆಡಿಸುವುದು ನಂಬರ್ ಪ್ಲೇಟ್. 80 ಹರ್ಟ್ಜ್‌ಗಿಂತ ಕೆಳಗಿನ ಶಬ್ದ ಎಲ್ಲಿಂದ ಬಂತು ಅಂತ ಕಿವಿ ಗುರುತಿಸುವುದು ಕಷ್ಟ. ಅದುರುವ ತಗಡಿನ ಶಬ್ದ ಹಾಗಲ್ಲ, ಹಿಂದೆ ಇದೆ ಅಂತ ತಕ್ಷಣ ಹೇಳಿಬಿಡುತ್ತದೆ. ಈಗಿನ ಎಚ್‌ಎಸ್‌ಆರ್‌ಪಿ ಪ್ಲೇಟ್ ಬಿಚ್ಚುವ ಹಾಗಿಲ್ಲ, ಪಕ್ಕದಿಂದಲೇ ತೆಳು ಫೋಮ್ ತೂರಿಸಿ. ಡಿಕ್ಕಿ ಬಾಗಿಲಿನ ತಗಡನ್ನು ಬೆರಳಿನಿಂದ ತಟ್ಟಿ ನೋಡಿ, ಟಣಟಣ ಅನ್ನುವ ಕಡೆ ಅದುರುವುದನ್ನು ತಡೆಯುವ ಬ್ಯೂಟೈಲ್ ರಬ್ಬರ್ ಶೀಟ್ ಅಂಟಿಸಿ. ಇಡೀ ಡಿಕ್ಕಿಗೆ ಅಂಟಿಸುವ ಅಗತ್ಯ ಇಲ್ಲ.

ಜಾಗ ಗೊತ್ತಾದ ಮೇಲೆ ಬಾಕ್ಸನ್ನು ಎಲ್ ಕ್ಲ್ಯಾಂಪ್ ಹಾಕಿ ಬಿಗಿ ಮಾಡಲೇಬೇಕು. ಹನ್ನೆರಡು ಇಂಚಿನ ಬಾಕ್ಸ್ ಇಪ್ಪತ್ತು ಕಿಲೋ ತೂಗಬಹುದು. ಹೈವೇಯಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಅದು ಮಕ್ಕಳು ಕೂತಿರುವ ಹಿಂದಿನ ಸೀಟಿಗೆ ಬಂದು ಬಡಿಯುತ್ತದೆ. ಬರೀ ವೆಲ್ಕ್ರೊ ಪಟ್ಟಿ ನಂಬಬೇಡಿ. ನೆಲಕ್ಕೆ ಡ್ರಿಲ್ ಮಾಡುವ ಮುಂಚೆ ಕಾರಿನ ಕೆಳಗೆ ಬಗ್ಗಿ ನೋಡಿ. ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪು ಅಲ್ಲೇ ಹತ್ತಿರದಲ್ಲಿ ಇರುತ್ತವೆ. ಆಂಪ್‌ಗೆ ಹೋಗುವ ದಪ್ಪ ವೈರ್‌ಗೆ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇದೆಯಾ ಅಂತಲೂ ಬಾನೆಟ್ ತೆಗೆಸಿ ನೋಡಿ. ಇಲ್ಲದಿದ್ದರೆ ಅದನ್ನು ಹಾಕಿಸದೆ ಅಂಗಡಿಯಿಂದ ಕಾರು ತೆಗೆಯಬೇಡಿ.