ಕೊಬ್ಬರಿ ಎಣ್ಣೆ ಕುಡಿದ ಫ್ಯಾನು

ನಮ್ಮ ಮನೆಯ ಹಳೆಯ ಕಂಪ್ಯೂಟರಿನ ಬೆನ್ನಿನಲ್ಲಿ ಎಸ್‌ಎಂಪಿಎಸ್ ಎಂಬ ತಗಡಿನ ಡಬ್ಬಿಯೊಂದಿದೆ. ಗೋಡೆಯಿಂದ ಬರುವ ವಿದ್ಯುತ್ತನ್ನು ಪಳಗಿಸಿ ಕಂಪ್ಯೂಟರಿಗೆ ಉಣಿಸುವುದು ಅದರ ಕೆಲಸ. ಆ ಕೆಲಸದಲ್ಲಿ ಹುಟ್ಟುವ ಸೆಕೆಯನ್ನು ಹೊರಗೆ ನೂಕಲು ಅದರೊಳಗೆ ಅಂಗೈಯಗಲದ ಫ್ಯಾನೊಂದು ತಿರುಗುತ್ತಿರುತ್ತದೆ. ಇದು ಮೊದಮೊದಲು ಜೀರುಂಡೆಯಂತೆ ಒಂದೇ ಸ್ವರದಲ್ಲಿ ಹಾಡುತ್ತಿತ್ತು. ನವರಾತ್ರಿಯ ಹೊತ್ತಿಗೆ ದನಿ ಒಡೆದು, ಅಡುಗೆಮನೆಯಲ್ಲಿದ್ದ ನನ್ನ ತಾಯಿ "ಇಷ್ಟು ಹೊತ್ತಿನಲ್ಲಿ ಯಾರ ಮನೆಯಲ್ಲಿ ರುಬ್ಬುತ್ತಿದ್ದಾರೆ?" ಎಂದು ಕೇಳುವಂತಾಯಿತು. ಆಯುಧಪೂಜೆಯ ದಿನ ಅದಕ್ಕೂ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವು ಮುಡಿಸಿ ಕೈಮುಗಿದೆ. ಪಕ್ಕೆಗೆ ಒಂದು ಗುದ್ದು ಕೊಟ್ಟರೆ ಕಾಲು ಗಂಟೆಯಾದರೂ ಸುಮ್ಮನಿರುತ್ತಿತ್ತು; ಪೂಜೆಯಿಂದ ಅಷ್ಟೂ ಆಗಲಿಲ್ಲ.

ಪರಿಚಯದ ರಿಪೇರಿಯವರು ಫೋನಿನಲ್ಲೇ ಸದ್ದು ಕೇಳಿ, ಇಡೀ ಎಸ್‌ಎಂಪಿಎಸ್ ಬದಲಾಯಿಸಿಬಿಡಿ ಎಂದು ತೀರ್ಪು ಕೊಟ್ಟರು. ಮೂಗು ಕಟ್ಟಿದ್ದಕ್ಕೆ ತಲೆಯನ್ನೇ ಬದಲಾಯಿಸುವ ಈ ವೈದ್ಯ ನನಗೆ ಒಪ್ಪಿಗೆಯಾಗಲಿಲ್ಲ. ಇಂತಹ ಅಗ್ಗದ ಫ್ಯಾನುಗಳಲ್ಲಿ ಉಕ್ಕಿನ ಸಣ್ಣ ಕಡ್ಡಿಯೊಂದು ಎಣ್ಣೆ ಹೀರಿಕೊಂಡ ಲೋಹದ ಕೊಳವೆಯೊಳಗೆ ತಿರುಗುತ್ತದೆ. ಎಣ್ಣೆ ಒಣಗಿದಾಗ ಕಡ್ಡಿ ಓಲಾಡಿ ಗೋಳಿಡುತ್ತದೆ. ಅಂದಮೇಲೆ ಬೇಕಿರುವುದು ಒಂದು ತೊಟ್ಟು ಎಣ್ಣೆ ಮಾತ್ರ.

ಆದರೆ ಆ ಡಬ್ಬಿಯನ್ನು ಕಂಡಾಬಟ್ಟೆ ಬಿಚ್ಚುವಂತಿಲ್ಲ. ನಮ್ಮ ಮನೆಗಳಿಗೆ ಬರುವ 230 ವೋಲ್ಟಿನ ಎಸಿ ವಿದ್ಯುತ್ತು ಅದರೊಳಗೆ ಸುಮಾರು 325 ವೋಲ್ಟಿನ ಡಿಸಿಯಾಗಿ ಕೆಪಾಸಿಟರ್ ಎಂಬ ದಪ್ಪ ಕೊಳವೆಗಳಲ್ಲಿ ತುಂಬಿಕೊಳ್ಳುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಅಲ್ಲಿ ಹೊಂಚು ಹಾಕಿಕೊಂಡು ಕೂತಿರಬಹುದಾದ್ದರಿಂದ, ಸತ್ತ ಚೇಳಿನ ಕೊಂಡಿಗೆ ಕೊಡುವ ಗೌರವವನ್ನು ಅದಕ್ಕೂ ಕೊಡಬೇಕು. ನಾನು ಒಂದು ರಾತ್ರಿ ಪೂರ್ತಿ ಕಾದೆ. ಬೆಳಿಗ್ಗೆ ಮಲಗುವ ಕೋಣೆಯ ರಬ್ಬರ್ ಚಪ್ಪಲಿ ಮೆಟ್ಟಿ, ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಲಗೈಯೊಂದರಿಂದಲೇ ತಿರುಪು ಬಿಚ್ಚಿದ ನನ್ನ ಭಂಗಿಯನ್ನು ಮಗ ಮೊಬೈಲಿನಲ್ಲಿ ಸೆರೆಹಿಡಿದು ಬಂಧುಬಳಗಕ್ಕೆಲ್ಲ ಕಳುಹಿಸಿದ್ದಾನೆ. ಒಳಗೆ ಹತ್ತಿಯ ಹಾಸಿಗೆಯಂತೆ ದೂಳು ಹಾಸಿಕೊಂಡಿತ್ತು. ನಡುನಡುವೆ ಕೆಂಪು ಗೆರೆಗಳೂ ಕಂಡವು. ಅವು ಹಿಂದಿನ ಆಯುಧಪೂಜೆಗಳ ಕುಂಕುಮ.

ಫ್ಯಾನಿನ ನಡುವಿನ ಚೀಟಿಯನ್ನು ಉಗುರಿನಿಂದ ಎಬ್ಬಿಸಿ, ಹೊಲಿಗೆ ಯಂತ್ರದ ಎಣ್ಣೆ ತರಲು ಎದ್ದೆ. ಸೀಸೆ ಖಾಲಿಯಾಗಿತ್ತು. ಅಂಗಡಿಗೆ ಹೋಗಿ ಬರುವ ಸೋಮಾರಿತನಕ್ಕೆ ಸ್ನಾನದ ಮನೆಯ ಕಪಾಟಿನಲ್ಲಿದ್ದ ಕೊಬ್ಬರಿ ಎಣ್ಣೆ ನೆರವಾಯಿತು. ಎರಡು ತೊಟ್ಟು ಬಿಟ್ಟೆ. ಅಂದಿನಿಂದ ಮೂರು ವಾರ ಫ್ಯಾನು ಎಣ್ಣೆಸ್ನಾನ ಮಾಡಿದ ಮಗುವಿನಂತೆ ನಿದ್ರಿಸಿತು, ನಾನು ಬಂದವರಿಗೆಲ್ಲ ನನ್ನ ವಿದ್ಯೆಯನ್ನು ವಿವರಿಸಿದೆ.

ಆಮೇಲೆ ಡಿಸೆಂಬರ್ ಬಂತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆಂಬುದನ್ನು ಬೆಂಗಳೂರಿನ ಚಳಿಗಾಲದಲ್ಲಿ ಸೀಸೆಯನ್ನು ಬಿಸಿಲಿಗಿಟ್ಟು ಕಾಯುವ ಪ್ರತಿಯೊಬ್ಬರೂ ಬಲ್ಲರು. ನಾನೂ ಬಲ್ಲೆ, ಆದರೆ ಆ ತಿಳಿವಳಿಕೆ ನನ್ನ ತಲೆಗೂದಲಿನ ಬುಡಕ್ಕೆ ಮಾತ್ರ ಸೀಮಿತವಾಗಿತ್ತು. ಬೆಳಗಿನ ಜಾವ ಗುಂಡಿ ಒತ್ತಿದರೆ ಕಂಪ್ಯೂಟರು ಏಳುತ್ತಿತ್ತು, ಫ್ಯಾನು ಏಳುತ್ತಿರಲಿಲ್ಲ. ಈ ಡಬ್ಬಿಯಲ್ಲಿ ಶಾಖವನ್ನು ಅಳೆಯುವ ಸಣ್ಣ ಬಿಡಿಭಾಗವೊಂದಿದ್ದು, ಒಳಗೆ ತಂಪಾಗಿರುವಾಗ ಅದು 12 ವೋಲ್ಟಿನ ಫ್ಯಾನಿಗೆ ಅರೆಹೊಟ್ಟೆಯ ವೋಲ್ಟೇಜನ್ನಷ್ಟೇ ಕೊಡುತ್ತದೆ. ಅಷ್ಟರ ಬಲದಿಂದ ಹೆಪ್ಪುಗಟ್ಟಿದ ಎಣ್ಣೆಯನ್ನು ಕಡೆಯಲು ಆ ಬಡಪಾಯಿಗೆ ಆಗುತ್ತಿರಲಿಲ್ಲ. ಡಬ್ಬಿ ಕಾದು, ವೋಲ್ಟೇಜು ಏರಿ, ಎಣ್ಣೆ ಕರಗಿ, ಕೊನೆಗೊಮ್ಮೆ ಅದು ಭರ್ರೆಂದು ಹೊರಟಾಗ ಕೋಣೆಯ ತುಂಬ ಬಿಸಿ ಒಗ್ಗರಣೆಯ ಪರಿಮಳ ಹರಡುತ್ತಿತ್ತು. ತಾಯಿ ಬಂದು, ಯಾರೋ ರುಬ್ಬಿದ್ದನ್ನು ಈಗ ಹುರಿಯುತ್ತಿದ್ದಾರೆ ಎಂದರು.

ಹೊಸ ಫ್ಯಾನೇ ಗತಿಯೆಂದು ಖಚಿತವಾಯಿತು. ಡಬ್ಬಿಯನ್ನು ಮತ್ತೆ ಬಿಚ್ಚಿ, ಮಗನ ಶಾಲೆಯ ಅಳತೆಪಟ್ಟಿಯಿಂದ ಒಂದು ತಿರುಪಿನ ತೂತಿನಿಂದ ಇನ್ನೊಂದಕ್ಕೆ ಅಳೆದಾಗ ಏಳು ಸೆಂಟಿಮೀಟರಿಗೆ ಕೂದಲೆಳೆ ಹೆಚ್ಚು ಬಂತು. ಪುರಭವನದ ಬಳಿಯ ಸಾದರ ಪತ್ರಪ್ಪ ರಸ್ತೆಗೆ, ಅಂದರೆ ಬೆಂಗಳೂರಿನ ಬಿಡಿಭಾಗಪ್ರಿಯರೆಲ್ಲರೂ ಹೋಗುವ ಎಸ್‌ಪಿ ರೋಡಿಗೆ ಹೋಗಿ, ಎರಡು ಬಸ್ಸು ಬದಲಾಯಿಸಿ, 70 ಮಿಲಿಮೀಟರಿನ ಫ್ಯಾನು ತಂದೆ. ಅದು ತನ್ನ ಗೂಡಿನಲ್ಲಿ ಅಪ್ಪನ ಅಂಗಿ ತೊಟ್ಟ ಹುಡುಗನಂತೆ ಲಕಲಕ ಅಲ್ಲಾಡಿತು. ಫ್ಯಾನಿನ ಅಳತೆಯೆಂದರೆ ಅದರ ಚೌಕಟ್ಟಿನ ಅಗಲವೇ ಹೊರತು ತೂತುಗಳ ನಡುವಿನ ದೂರವಲ್ಲವಂತೆ; 80 ಮಿಲಿಮೀಟರಿನ ಫ್ಯಾನಿನಲ್ಲಿ ತೂತಿನಿಂದ ತೂತಿಗೆ 71.5 ಮಿಲಿಮೀಟರ್. ಮತ್ತೆ ಎರಡು ಬಸ್ಸು ಬದಲಾಯಿಸಿ ಹೋದಾಗ ಅಂಗಡಿಯ ಹುಡುಗ ನಾನು ಬಾಯಿ ತೆರೆಯುವ ಮೊದಲೇ 80ರ ಫ್ಯಾನನ್ನು ಎತ್ತಿಕೊಟ್ಟ. ಈ ತಪ್ಪಿಗೆ ಅವನಲ್ಲಿ ಕಾಯಂ ಗಿರಾಕಿಗಳಿರಬೇಕು.

ಹಳೆಯ ಫ್ಯಾನಿನ ತಂತಿಗಳನ್ನು ಬೋರ್ಡಿಗೆ ನೇರವಾಗಿ ಬೆಸೆದಿದ್ದರು. ಅವನ್ನು ನಡುವೆ ಕತ್ತರಿಸಿ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿದೆ. ಹೊಸ ಫ್ಯಾನಿನಲ್ಲಿ ಹಳದಿ ತಂತಿಯೊಂದು ಹೆಚ್ಚಾಗಿತ್ತು. ಅದು ವೇಗದ ಲೆಕ್ಕ ಒಪ್ಪಿಸುವ ತಂತಿ, ನಮ್ಮ ಡಬ್ಬಿಯಲ್ಲಿ ಲೆಕ್ಕ ಕೇಳುವವರಿಲ್ಲದ್ದರಿಂದ ಅದರ ಬಾಯಿಗೆ ಟೇಪು ಸುತ್ತಿ ಮೂಲೆಗೆ ಕೂರಿಸಿದೆ. ಬೆಸುಗೆ ಸೊಗಸಾಗಿ ಬಂದಿತ್ತು. ಅದನ್ನು ಮುಚ್ಚಬೇಕಾದ ಪ್ಲಾಸ್ಟಿಕ್ ತೊಗಲನ್ನು ಮೊದಲೇ ತಂತಿಗೆ ಪೋಣಿಸಬೇಕಿತ್ತೆಂಬುದು ಬೆಸುಗೆ ಆರಿದ ಮೇಲೆ ನೆನಪಾಗಿ, ಎಲ್ಲವನ್ನೂ ಕಿತ್ತು ಮತ್ತೆ ಬೆಸೆದೆ.

ಇನ್ನು ಕೂರಿಸುವುದು. ಫ್ಯಾನಿಗೆ ಎರಡು ಮುಖಗಳು: ಒಂದು ಕಡೆ ಎಲೆಗಳು ಬರಿದಾಗಿ ಮಿಂಚುತ್ತವೆ, ಇನ್ನೊಂದು ಕಡೆ ಚೀಟಿ, ಅಡ್ಡಕಡ್ಡಿ, ತಂತಿ. ಅಂದದ ಮುಖ ಹೊರಗಿರಲಿ, ಹರಕುಮುರುಕು ಒಳಗಿರಲಿ ಎಂಬ ಗೃಹಸ್ಥಧರ್ಮವನ್ನು ಪಾಲಿಸಿ ತಿರುಪು ಬಿಗಿದೆ. ಸದ್ದು ಎಳ್ಳಷ್ಟೂ ಇಲ್ಲ. ಆದರೆ ಅರ್ಧ ಗಂಟೆಯಲ್ಲಿ ಕಂಪ್ಯೂಟರಿನ ನೆತ್ತಿ ದೋಸೆಯ ಕಾವಲಿಯಂತೆ ಸುಡತೊಡಗಿತು. ಗಾಳಿ ಯಾವ ಕಡೆಗೆ ಹರಿಯುತ್ತಿದೆಯೆಂದು ನೋಡಲು ದೇವರ ಕೋಣೆಯಿಂದ ಒಂದು ಅಗರಬತ್ತಿ ತಂದು ಹಚ್ಚಿ, ಕಂಪ್ಯೂಟರಿನ ಬೆನ್ನಿಗೆ ಹಿಡಿದು ಕುಕ್ಕರುಗಾಲಿನಲ್ಲಿ ಕುಳಿತೆ. ಹೊಗೆ ಹೊರಗೆ ಚದುರುವ ಬದಲು ಗೆರೆ ಎಳೆದಂತೆ ಜಾಲರಿಯೊಳಕ್ಕೆ ನುಗ್ಗಿ, ಸ್ವಲ್ಪ ಹೊತ್ತಿನಲ್ಲಿ ಸಿಡಿ ಹಾಕುವ ಸೀಳಿನ ಸಂದಿಯಿಂದ ಮುಂದಕ್ಕೆ ಬರತೊಡಗಿತು. ಗಾಳಿ ಹೊರಡುವುದು ಚೀಟಿಯಿರುವ ಮುಖದಿಂದ. ನಾನು ಅದನ್ನೇ ಒಳಕ್ಕೆ ತಿರುಗಿಸಿದ್ದೆ.

ಸಂಜೆಯ ದೀಪ ಹಚ್ಚಲು ಬಂದ ತಾಯಿ ಬಾಗಿಲಲ್ಲೇ ನಿಂತು ಏನು ಮಾಡುತ್ತಿದ್ದೀಯೆಂದು ಕೇಳಿದರು. ಇದರ ಉಸಿರಾಟ ಸರಿಯಾಗಿದೆಯೇ ಎಂದು ನೋಡುತ್ತಿದ್ದೇನೆ ಎಂದೆ.

"ಉಸಿರಾಟ ನೋಡುವುದಕ್ಕೆ ಮೂಗಿನ ಹತ್ತಿರ ಹತ್ತಿ ಹಿಡಿಯುತ್ತಾರಪ್ಪ," ಎಂದರು. "ಊದುಬತ್ತಿ ಹಚ್ಚುವುದು ಆಮೇಲೆ."