ಬರ್ಮಿಂಗ್‌ಹ್ಯಾಮ್‌ನ ಸಂಸ್ಕೃತಿ ಅಧ್ಯಯನ ಕೇಂದ್ರ: ಒಂದು ಸ್ಪಷ್ಟನೆ

ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಮಕಾಲೀನ ಸಂಸ್ಕೃತಿ ಅಧ್ಯಯನ ಕೇಂದ್ರವನ್ನು ಸ್ಥಾಪಿಸಿದವರು ಸ್ಟುವರ್ಟ್ ಹಾಲ್ ಎಂದೂ, ವಿದ್ಯಾರ್ಥಿಗಳು ಬಾರದ ಕಾರಣ ಅದು ಮುಚ್ಚಿತೆಂದೂ ಹೇಳುವ ಬರಹವೊಂದು ಹರಿದಾಡುತ್ತಿದೆ. ಎರಡೂ ಸರಿಯಲ್ಲ. 1964ರಲ್ಲಿ ಕೇಂದ್ರವನ್ನು ಆರಂಭಿಸಿದವರು ಅಲ್ಲಿನ ಇಂಗ್ಲಿಷ್ ಪ್ರಾಧ್ಯಾಪಕ ರಿಚರ್ಡ್ ಹಾಗರ್ಟ್. ಜಮೈಕಾದಲ್ಲಿ ಹುಟ್ಟಿದ ಹಾಲ್, ಹಾಗರ್ಟ್ ಅವರ ಆಹ್ವಾನದ ಮೇರೆಗೆ ಬಂದು, ಮುಂದೆ ನಿರ್ದೇಶಕರಾಗಿ 1979ರವರೆಗೆ ಅದನ್ನು ನಡೆಸಿದರು. ಕೇಂದ್ರಕ್ಕೆ ಹೆಸರು ಬಂದದ್ದು ಬಹುಮಟ್ಟಿಗೆ ಹಾಲ್ ಅವರ ಕಾಲದಲ್ಲೇ ಆದ್ದರಿಂದ ಈ ತಪ್ಪು ಸಹಜವೇ.

ಸಿನಿಮಾ, ಟಿವಿ ನೋಡಿ ಅಭಿಪ್ರಾಯ ಬರೆಯುವುದಷ್ಟೇ ಅಲ್ಲಿನ ಓದಾಗಿತ್ತು ಎಂಬ ಅದೇ ಬರಹದ ಮಾತು ಇನ್ನೂ ಹೆಚ್ಚು ದಾರಿ ತಪ್ಪಿಸುವಂಥದ್ದು. ಬೀದಿ ಸುಲಿಗೆಯ ಕುರಿತು 1970ರ ದಶಕದ ಬ್ರಿಟನ್ನಿನಲ್ಲಿ ಎದ್ದ ಭೀತಿಯನ್ನು ಹಾಲ್ ಮತ್ತು ನಾಲ್ವರು ಸಂಗಡಿಗರು ಅಧ್ಯಯನ ಮಾಡಿ 1978ರಲ್ಲಿ ಪುಸ್ತಕವಾಗಿ ಪ್ರಕಟಿಸಿದಾಗ, ಪತ್ರಿಕೆಗಳ ತಲೆಬರಹ, ಪೊಲೀಸ್ ಅಂಕಿಅಂಶ, ನ್ಯಾಯಾಲಯದ ತೀರ್ಪು, ವರ್ಗ ಹಾಗೂ ಜನಾಂಗದ ಇತಿಹಾಸ ಇವೆಲ್ಲವನ್ನೂ ಒಂದಕ್ಕೊಂದು ತಾಳೆ ನೋಡಿದ್ದರು. ಸಾಹಿತ್ಯ ವಿಮರ್ಶೆಯಾಗಲಿ ಸಮಾಜಶಾಸ್ತ್ರವಾಗಲಿ ಒಂಟಿಯಾಗಿ ಮಾಡಲಾಗದ ಕೆಲಸವದು.

ಮುಂದೆ ಸ್ವತಂತ್ರ ವಿಭಾಗವಾದ ಈ ಕೇಂದ್ರವನ್ನು 2002ರಲ್ಲಿ ಮುಚ್ಚಿದ್ದು, 2001ರ ರಾಷ್ಟ್ರೀಯ ಸಂಶೋಧನಾ ಮೌಲ್ಯಮಾಪನದಲ್ಲಿ ಕಡಿಮೆ ಶ್ರೇಣಿ ಬಂದ ಬಳಿಕ, ಪುನರ್ರಚನೆಯ ಹೆಸರಿನಲ್ಲಿ. ವಿದ್ಯಾರ್ಥಿಗಳಿಗೆ ಅಲ್ಲಿ ಬರವಿರಲಿಲ್ಲ. ಮುಚ್ಚುವ ನಿರ್ಧಾರವನ್ನು ಪ್ರತಿಭಟಿಸಿದವರಲ್ಲಿ ಅವರೂ ಇದ್ದರು.